ಗಡಿ ಮುಚ್ಚಿದ ಕಾಲದಲ್ಲಿ ನಮ್ಮ ಹಿರಿಯರ ವಿಶ್ವಾಸ



ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದಾಗ ಅದರ ಗೋಡೆ, ಗಂಟೆ, ಪೀಠಗಳ ಚರಿತ್ರೆಯನ್ನು ಬರೆಯುವುದು ವಾಡಿಕೆ. ಅಸ್ತಿಭಾರ ಹಾಕಿದವರಾರು, ದಾನ ನೀಡಿದವರಾರು, ಸೇವೆ ಸಲ್ಲಿಸಿದ ಗುರುಗಳಾರು ಎಂಬ ವಿವರಗಳು ಈ ಸಂಚಿಕೆಯ ಬೇರೆ ಪುಟಗಳಲ್ಲಿವೆ. ಆದರೆ ಒಂದು ಧರ್ಮಸಭೆಯ ನಿಜವಾದ ಚರಿತ್ರೆಯಲ್ಲಿ ಮತ್ತೊಂದು ಅಧ್ಯಾಯವೂ ಇರುತ್ತದೆ. ನಮ್ಮ ಹಿರಿಯರು ಯಾವುದಕ್ಕೆ ಅಂಜಿದರು, ಏನನ್ನು ಕಳೆದುಕೊಂಡರು, ಆ ಅಂಜಿಕೆಯನ್ನು ಯಾವ ಬಲದಿಂದ ದಾಟಿದರು ಎಂಬುದೇ ಆ ಅಧ್ಯಾಯ. ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನ ಕಥೋಲಿಕರ ಪಾಲಿಗೆ 1955ರಿಂದ 1961ರವರೆಗಿನ ವರ್ಷಗಳು ಅಂಥ ಪರೀಕ್ಷೆಯ ಕಾಲವಾಗಿದ್ದವು. ಇಂದಿನ ಯುವಜನರಲ್ಲಿ ಅನೇಕರು ಅದನ್ನು ಕೇಳಿಯೇ ಇಲ್ಲವಾದ್ದರಿಂದ ಇಲ್ಲಿ ಸಂಕ್ಷೇಪವಾಗಿ ನಿವೇದಿಸುತ್ತಿದ್ದೇನೆ.

ನಮ್ಮ ಸೀಮೆಗೂ ಗೋವೆಗೂ ಇರುವ ಸಂಬಂಧ ಸಹ್ಯಾದ್ರಿಯಷ್ಟೇ ಗಟ್ಟಿಯಾದುದು. ಖಾನಾಪುರದ ಕಾಡುಗಳಲ್ಲಿಯೇ ಮಲಪ್ರಭೆಯೂ ಹುಟ್ಟುತ್ತಾಳೆ, ಮಹಾದಾಯಿಯೂ ಹುಟ್ಟುತ್ತಾಳೆ. ಒಬ್ಬಳು ಪೂರ್ವಕ್ಕೆ ಹರಿದು ನಮ್ಮ ಹೊಲಗಳಿಗೆ ನೀರುಣಿಸುತ್ತಾಳೆ. ಇನ್ನೊಬ್ಬಳು ಪಶ್ಚಿಮಕ್ಕೆ ಹರಿದು ಗೋವೆಯನ್ನು ಸೇರುತ್ತಾಳೆ. ನಮ್ಮ ಕುಟುಂಬಗಳೂ ಹಾಗೆಯೇ. 1560ರಲ್ಲಿ ಗೋವೆಯಲ್ಲಿ ಸ್ಥಾಪಿತವಾದ ಇಂಕ್ವಿಸಿಷನ್ನಿನ ಭಯ, ಯುದ್ಧಗಳ ಹಾವಳಿ, ಬಡತನ, ಭೂಮಿಯ ಕೊರತೆ, ಹೀಗೆ ನಾನಾ ಕಾರಣಗಳಿಂದ ಜನರು ಕಾಲಕಾಲಕ್ಕೆ ಘಟ್ಟ ಹತ್ತಿ ಬಂದರು. 1818ರಲ್ಲಿ ಬೆಳಗಾವಿಯ ಕೋಟೆ ಬ್ರಿಟಿಷರ ವಶವಾಗಿ ಇಲ್ಲಿ ದಂಡು ಬೆಳೆದ ಮೇಲೆ ಅಡುಗೆ, ಹೊಲಿಗೆ, ಬಡಗಿತನ, ವಾದ್ಯಗಳ ಕೆಲಸ ಅರಸಿ ಮತ್ತಷ್ಟು ಜನ ಬಂದರು. 1888ರಲ್ಲಿ ಮುರ್ಮುಗೋವೆಯಿಂದ ಕ್ಯಾಸಲ್‌ರಾಕ್‌ವರೆಗೆ ರೈಲು ಬಂದು ಲೋಂಡಾ ಜಂಕ್ಷನ್ನಿನ ಮೂಲಕ ಬೆಳಗಾವಿಯೊಡನೆ ಕೂಡಿಕೊಂಡಾಗ, ತವರಿಗೂ ಗಂಡನ ಮನೆಗೂ ನಡುವಿನ ಹಾದಿ ಒಂದು ದಿನದ ಪ್ರಯಾಣವಾಯಿತು. ಮದುವೆ, ನಾಮಕರಣ, ಊರ ಹಬ್ಬ, ಅಂತ್ಯಕ್ರಿಯೆಗಳಿಗಾಗಿ ಜನರು ಎರಡೂ ಕಡೆ ಓಡಾಡುತ್ತಿದ್ದರು. ಘಟ್ಟದ ಮೇಲೊಂದು ಗಡಿಯಿದೆ ಎಂಬುದು ಕ್ಯಾಸಲ್‌ರಾಕ್‌ನ ಸುಂಕದ ಕಟ್ಟೆಯಲ್ಲಿ ಗಂಟುಮೂಟೆ ಬಿಚ್ಚುವಾಗ ಮಾತ್ರ ನೆನಪಾಗುತ್ತಿತ್ತು.

1952ರ ಡಿಸೆಂಬರ್ 3ರಿಂದ 1953ರ ಜನವರಿ 6ರವರೆಗೆ, ಸಂತ ಫ್ರಾನ್ಸಿಸ್ ಜೇವಿಯರರು ನಿಧನರಾದ ನಾಲ್ಕುನೂರನೆಯ ವರ್ಷದ ನಿಮಿತ್ತ, ಹಳೆಯ ಗೋವೆಯಲ್ಲಿ ಅವರ ಪವಿತ್ರ ಶರೀರದ ಸಾರ್ವಜನಿಕ ದರ್ಶನ ನಡೆಯಿತು. ನಮ್ಮ ಭಾಗದಿಂದಲೂ ಯಾತ್ರಿಕರು ಜಪಸರ ಹಿಡಿದು ಹೊರಟರು. ಮುಂದಿನ ದರ್ಶನದೊಳಗೆ ಲೋಕವೇ ಬದಲಾಗುವುದೆಂದು ಅಂದು ಯಾರೂ ಎಣಿಸಿರಲಿಲ್ಲ.

1953ರ ಸೆಪ್ಟೆಂಬರ್ 19ರಂದು ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಅದುವರೆಗೆ ಗೋವಾ ಮಹಾಧರ್ಮಪ್ರಾಂತ್ಯಕ್ಕೆ ಒಳಪಟ್ಟಿದ್ದ ಪ್ರದೇಶಗಳನ್ನು ಬೇರ್ಪಡಿಸಿ, ಪೂಜ್ಯ ಮೈಕೆಲ್ ರೊಡ್ರಿಗಸ್‌ರನ್ನು ಪ್ರಥಮ ಧರ್ಮಾಧ್ಯಕ್ಷರನ್ನಾಗಿ ನೇಮಿಸಲಾಯಿತು. ದೇಶ ಸ್ವತಂತ್ರವಾಗಿ ಆರು ವರ್ಷಗಳಾಗಿದ್ದವು. ಸ್ವತಂತ್ರ ಭಾರತದ ಭಕ್ತರಿಗೆ ಸ್ವದೇಶದಲ್ಲಿಯೇ ಧರ್ಮಾಧ್ಯಕ್ಷರಿರುವುದು ಯುಕ್ತವಾಗಿತ್ತು. ಆದರೂ ಶತಮಾನಗಳ ಕಾಲ ಗೋವೆಯನ್ನೇ ತಾಯಿಬೇರೆಂದು ಭಾವಿಸಿದ್ದ ಹಿರಿಯರ ಮನಸ್ಸಿನಲ್ಲಿ, ಮನೆ ಪಾಲಾದಾಗ ಆಗುವಂಥ ಒಂದು ಕಸಿವಿಸಿ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಎರಡು ವರ್ಷ ಕಳೆಯುವಷ್ಟರಲ್ಲಿ ನಿಜವಾದ ಅಗಲಿಕೆಯೇ ಬಂದಿತು. 1955ರ ಆಗಸ್ಟ್ 15ರಂದು ಸಾವಿರಾರು ಮಂದಿ ನಿಶ್ಶಸ್ತ್ರ ಸತ್ಯಾಗ್ರಹಿಗಳು ಗೋವೆಯ ಗಡಿಯನ್ನು ದಾಟಿದರು. ಪೋರ್ಚುಗೀಸರ ಗುಂಡಿಗೆ 20ಕ್ಕೂ ಹೆಚ್ಚು ಜನ ಬಲಿಯಾದರು. ಭಾರತ ಸರಕಾರವು ಗೋವೆಯೊಡನೆ ವ್ಯವಹಾರವನ್ನು ಕಡಿದುಕೊಂಡಿತು; ಗಡಿ ಮುಚ್ಚಿತು; ಕ್ಯಾಸಲ್‌ರಾಕ್ ಮತ್ತು ಕುಳೆಂ ನಡುವಿನ ರೈಲು ನಿಂತಿತು. ಮರುವರ್ಷ, 1956ರ ನವೆಂಬರ್ 1ರಂದು, ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಚಂದಗಡ ತಾಲ್ಲೂಕು ಆಚೆ ಉಳಿಯಿತು. ಒಂದೇ ಮನೆಯಲ್ಲಿ ಕೊಂಕಣಿ, ಮರಾಠಿ, ಕನ್ನಡ ಮೂರನ್ನೂ ಆಡುವ ನಮ್ಮ ಜನ, ಹದಿನೈದು ತಿಂಗಳೊಳಗೆ ಎರಡು ಸಲ ತಮ್ಮ ಸುತ್ತಲಿನ ಗೆರೆಗಳು ಬದಲಾದುದನ್ನು ಕಂಡರು.

ಆಗ ನಮ್ಮ ಹಿರಿಯರನ್ನು ಕಾಡಿದ ಭಯಗಳು ಮೂರು. ಮೊದಲನೆಯದು, ಆಚೆಯಲ್ಲಿರುವ ತಂದೆತಾಯಿಗಳನ್ನು ಮತ್ತೆ ಕಾಣುವೆವೋ ಇಲ್ಲವೋ ಎಂಬ ಭಯ. ಎರಡನೆಯದು, ತಮ್ಮ ಹೆಸರುಗಳ ಕಾರಣದಿಂದ ನೆರೆಹೊರೆಯವರು ತಮ್ಮನ್ನು ಪರದೇಶದ ಪಕ್ಷಪಾತಿಗಳೆಂದು ತಿಳಿದಾರೆಂಬ ಭಯ. ಮೂರನೆಯದು ಇನ್ನೂ ಆಳವಾದುದು: ಪೋರ್ಚುಗೀಸರ ಆಳ್ವಿಕೆ ಹೋದರೆ ಗೋವೆಯಲ್ಲಿ ಕ್ರೈಸ್ತ ವಿಶ್ವಾಸ ಉಳಿಯುವುದೇ ಎಂಬ ಸಂಶಯ.

ಮೂರನೆಯ ಭಯಕ್ಕೆ ಉತ್ತರ ರೋಮಿನಿಂದಲೇ ದೊರೆಯಿತು. 1955ರ ಜುಲೈಯಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಜಗದ್ಗುರು ಹನ್ನೆರಡನೆಯ ಪಯಸ್ ಅವರನ್ನು ಭೇಟಿಯಾದರು. ಗೋವೆಯ ಪ್ರಶ್ನೆ ರಾಜಕೀಯವಾದುದೇ ಹೊರತು ಧಾರ್ಮಿಕವಲ್ಲವೆಂಬುದನ್ನು ಜಗದ್ಗುರುಗಳು ಒಪ್ಪಿದರೆಂದು ನೆಹರೂ ಅವರು ಬಹಿರಂಗವಾಗಿ ತಿಳಿಸಿದರು. ವಿಶ್ವಾಸವು ಯಾವ ಸಾಮ್ರಾಜ್ಯದ ಬಾವುಟದ ನೆರಳಿನಲ್ಲಿಯೂ ಬದುಕಬೇಕಾಗಿಲ್ಲ ಎಂಬ ಪಾಠವನ್ನು ನಮ್ಮ ಜನ ನಿಧಾನವಾಗಿ ಅರಿತುಕೊಂಡರು.

ಎರಡನೆಯ ಭಯಕ್ಕೆ ಉತ್ತರ ನೀಡಿದವರು ಕಥೋಲಿಕ ದೇಶಭಕ್ತರೇ. 1954ರ ಆಗಸ್ಟ್ 15ರಂದು ತೆರೆಖೋಲ್ ಕೋಟೆಯ ಮೇಲೆ ತ್ರಿವರ್ಣ ಧ್ವಜವನ್ನು ಹಾರಿಸಿದ ಸತ್ಯಾಗ್ರಹಿಗಳ ಮುಂದಾಳು ಆಲ್ಫ್ರೆಡ್ ಅಫೊನ್ಸೊ. ನ್ಯಾಷನಲ್ ಕಾಂಗ್ರೆಸ್ (ಗೋವಾ) ಸಂಘಟನೆಯ ಮುಂದಾಳುತನ ವಹಿಸಿದವರು ಪೀಟರ್ ಆಲ್ವಾರಿಸ್. 1955ರ ನವೆಂಬರ್ 25ರಿಂದ 1961ರವರೆಗೆ ಗಡಿಯ ಕಾಡಿನಿಂದ, ಮೊದಲು ಆಂಬೋಲಿಯ ಕಡೆಯಿಂದಲೂ ಬಳಿಕ ನಮ್ಮ ನೆರೆಯ ಕ್ಯಾಸಲ್‌ರಾಕ್ ಕಡೆಯಿಂದಲೂ, ರಹಸ್ಯ ಬಾನುಲಿಯನ್ನು ನಡೆಸಿದವರು ಲಿಬಿಯಾ ಲೋಬೊ ಮತ್ತು ವಾಮನ ಸರದೇಸಾಯಿ. ಮಳೆಗಾಡಿನಲ್ಲಿ, ಹಾವು ಜಿಗಣೆಗಳ ನಡುವೆ, ಆರು ವರ್ಷ ಕೊಂಕಣಿ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ಬಿಡುಗಡೆಯ ಮಾತನ್ನು ಆಡಿದ ಈ ಸೋದರಿಗೆ ಭಾರತ ಸರಕಾರ 2025ರಲ್ಲಿ ಪದ್ಮಶ್ರೀ ಗೌರವವನ್ನು ಘೋಷಿಸಿದಾಗ ಆಕೆ ನೂರು ವರ್ಷದ ವೃದ್ಧೆ. ಹೆಸರು ಪರದೇಶದ್ದಾದರೂ ಹೃದಯ ಸ್ವದೇಶದ್ದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆದರೆ ಮೊದಲನೆಯ ಭಯಕ್ಕೆ ರಾಜಕಾರಣದಲ್ಲಿ ಉತ್ತರವಿರಲಿಲ್ಲ. ತಾಯಿ ಸತ್ತರೆ ಮುಖ ನೋಡಲಾಗದು ಎಂಬ ದುಃಖವನ್ನು ಯಾವ ಒಪ್ಪಂದವೂ ಕಳೆಯಲಾರದು. ನಾನು ಕಿರಿಯ ಗುರುವಾಗಿ ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಗೆ ಬಲಿಪೂಜೆಗೆಂದು ಹೋಗುತ್ತಿದ್ದ ದಿನಗಳಲ್ಲಿ ವೃದ್ಧೆಯೊಬ್ಬರು ತಮ್ಮ ಕಥೆಯನ್ನು ಹೇಳಿದರು. ಗಡಿ ಮುಚ್ಚಿದ ಮೂರನೆಯ ವರ್ಷ ಅವರ ತಾಯಿ ಸಾಲ್ಸೆಟ್ ಕಡೆಯ ತವರಿನಲ್ಲಿ ತೀರಿಕೊಂಡರು. ಸುದ್ದಿ ಮುಟ್ಟುವಾಗ ಮೂರು ವಾರಗಳು ಕಳೆದಿದ್ದವು. ಮಣ್ಣು ಹಾಕುವ ಭಾಗ್ಯವೂ ಇಲ್ಲವಾಯಿತೆಂದು ಆಕೆ ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ಸಂಜೆ ಕೇರಿಯ ಹೆಂಗಸರೆಲ್ಲ ಅಂಗಳದ ಶಿಲುಬೆಯ ಮುಂದೆ ದೀಪ ಹಚ್ಚಿ ತೇರ್ಸ್ ಆರಂಭಿಸಿದರು. ನೆರೆಯ ಮರಾಠಾ ಮನೆಯವರೂ ಬಂದು ಕೈಮುಗಿದು ನಿಂತರು. ತಿಂಗಳ ದಿನ ಗುರುಗಳು ಕಪ್ಪು ಪೂಜಾವಸ್ತ್ರ ಧರಿಸಿ ಮೃತರ ಬಲಿಪೂಜೆಯನ್ನು ಅರ್ಪಿಸಿದರು.

ಗಡಿ ತೆರೆದ ಮೇಲೆ ಆಕೆ ತವರಿಗೆ ಹೋದರು. ಅಲ್ಲಿಯೂ ಅದೇ ದಿನ, ಅದೇ ಮುಂಜಾನೆ, ತಿಂಗಳ ಬಲಿಪೂಜೆ ನಡೆದಿತ್ತೆಂದು ಅಣ್ಣ ತಿಳಿಸಿದಾಗ ಆಕೆಗೆ ಮೊದಲ ಬಾರಿಗೆ ಸಮಾಧಾನವಾಯಿತಂತೆ. “ಫಾದರ್, ನಾನು ದೂರ ಇದ್ದೆ ಅಂದುಕೊಂಡಿದ್ದೆ, ಅವ್ವನ ಪೂಜೆಯಲ್ಲಿ ನಾನೂ ಇದ್ದೆ” ಎಂದು ಆಕೆ ನುಡಿದರು. ಸೆಮಿನರಿಯಲ್ಲಿ ಸಂತರ ಅನ್ಯೋನ್ಯತೆಯನ್ನು ಕುರಿತು ಲ್ಯಾಟಿನ್ ಗ್ರಂಥಗಳನ್ನು ಓದಿ ಪರೀಕ್ಷೆ ಬರೆದಿದ್ದ ನನಗೆ ಆ ಸತ್ಯ ಮನದಟ್ಟಾದುದು ಆ ದಿನವೇ. ಬಲಿಪೀಠಗಳು ಎಷ್ಟಿದ್ದರೂ ಕ್ರಿಸ್ತನ ಬಲಿ ಒಂದೇ. ಆ ಒಂದೇ ಬಲಿಯಲ್ಲಿ ಇಹದಲ್ಲಿರುವವರೂ ಅಗಲಿದವರೂ, ಘಟ್ಟದ ಮೇಲಿನವರೂ ಕೆಳಗಿನವರೂ ಕೂಡುತ್ತಾರೆ. ಅಲ್ಲಿ ಸುಂಕದ ಕಟ್ಟೆಯಿಲ್ಲ, ಪರವಾನಗಿಯ ಚೀಟಿ ಬೇಕಾಗಿಲ್ಲ.

ವಿಶ್ವಾಸವು ಆಕೆಯ ಕಣ್ಣೀರನ್ನು ನಿಷೇಧಿಸಲಿಲ್ಲವೆಂಬುದನ್ನೂ ಗಮನಿಸಬೇಕು. ಗೆಳೆಯನ ಸಮಾಧಿಯ ಬಳಿ ಪ್ರಭು ಯೇಸುವೇ ಅತ್ತರು. ಪ್ರಭುವಿನ ಮರಣಾನಂತರ ಶಿಷ್ಯರು ಅಂಜಿ ಬಾಗಿಲು ಭದ್ರಪಡಿಸಿಕೊಂಡು ಕುಳಿತಿದ್ದರು. ಪುನರುತ್ಥಾನರಾದ ಪ್ರಭು ಅವರ ಅಂಜಿಕೆಯನ್ನು ಗದರಿಸದೆ ಮುಚ್ಚಿದ ಬಾಗಿಲೊಳಗೇ ಬಂದು ಶಾಂತಿಯನ್ನು ನೀಡಿದರು. ಅಂಜದವನೇ ವಿಶ್ವಾಸಿಯೆಂದಲ್ಲ; ಅಂಜಿದಾಗಲೂ ಒಟ್ಟಿಗೆ ಪ್ರಾರ್ಥಿಸುವುದನ್ನು ಬಿಡದವನು ವಿಶ್ವಾಸಿ.

1961ರ ಡಿಸೆಂಬರ್ ಆರಂಭದಲ್ಲಿ ಬೆಳಗಾವಿಯ ಸುತ್ತ ಸೈನ್ಯ ಜಮಾಯಿಸಿತು. ಮೇಜರ್ ಜನರಲ್ ಕ್ಯಾಂಡೆತ್ ಅವರ 17ನೆಯ ಪದಾತಿ ವಿಭಾಗ ಇಲ್ಲಿಂದ ಮುನ್ನಡೆಯಿತು. ಸಾಂಬ್ರಾದಿಂದ ಯುದ್ಧವಿಮಾನಗಳು ಹಾರಿದವು. ಅದು ಕ್ರಿಸ್ತಜಯಂತಿಯ ನವದಿನಗಳ ಕಾಲ. ವಿಮಾನದ ಸದ್ದು ಕೇಳಿದಾಗ, ದೇಶಕ್ಕೆ ಜಯವಾಗಲೆಂದೂ ತವರಿನವರಿಗೆ ಕೇಡಾಗದಿರಲೆಂದೂ ಒಂದೇ ಉಸಿರಿನಲ್ಲಿ ಬೇಡಿಕೊಂಡೆವೆಂದು ಹಿರಿಯರು ಹೇಳುತ್ತಿದ್ದರು. ಕಾರ್ಯಾಚರಣೆ ಎರಡು ದಿನಗಳೊಳಗೆ ಮುಗಿಯಿತು. ಕೊನೆಯವರೆಗೆ ಹೋರಾಡಬೇಕೆಂಬ ಲಿಸ್ಬನ್ನಿನ ಆಜ್ಞೆಯನ್ನು ಪಾಲಿಸದೆ, ಗವರ್ನರ್ ಜನರಲ್ ವಸ್ಸಾಲೊ ಎ ಸಿಲ್ವಾ ಡಿಸೆಂಬರ್ 19ರ ರಾತ್ರಿ ಶರಣಾದರು. ಜೀವಹಾನಿ ಎರಡೂ ಪಕ್ಷಗಳಲ್ಲಿ ಆಯಿತು. ಆದರೆ ಅಂಜಿದ್ದ ಮಹಾ ವಿನಾಶ ತಪ್ಪಿತು.

1964ರ ನವೆಂಬರ್ 24ರಿಂದ 1965ರ ಜನವರಿ 6ರವರೆಗೆ ಸಂತ ಫ್ರಾನ್ಸಿಸ್ ಜೇವಿಯರರ ದರ್ಶನ ಮತ್ತೆ ನಡೆಯಿತು. ಆ ಡಿಸೆಂಬರಿನಲ್ಲಿಯೇ ಜಗದ್ಗುರು ಆರನೆಯ ಪೌಲರು ಪರಮಪ್ರಸಾದ ಮಹಾಸಮ್ಮೇಳನಕ್ಕಾಗಿ ಮುಂಬಯಿಗೆ ಬಂದಿದ್ದರು. ಹನ್ನೆರಡು ವರ್ಷಗಳ ಹಿಂದೆ ಒಂದು ಗಡಿಯನ್ನು ದಾಟಿ ಹೋಗಿದ್ದ ಯಾತ್ರಿಕರು ಈ ಸಲ ತಮ್ಮ ದೇಶದೊಳಗೇ ಪ್ರಯಾಣ ಮಾಡಿದರು. ಬಾವುಟ ಬದಲಾಗಿತ್ತು, ಗಂಟೆಯ ನಾದ ಬದಲಾಗಿರಲಿಲ್ಲ. ಮೂರನೆಯ ಭಯವೂ ಹೀಗೆ ಸುಳ್ಳಾಯಿತು.

2020ರ ಮಾರ್ಚಿನಲ್ಲಿ ಮಹಾಮಾರಿಯ ನಿಮಿತ್ತ ದೇವಾಲಯದ ಬಾಗಿಲನ್ನೇ ಮುಚ್ಚಬೇಕಾಗಿ ಬಂದಾಗ ಈ ಹಳೆಯ ಕಥೆ ನನಗೆ ನೆನಪಾಯಿತು. ಆ ವರ್ಷ ಏಪ್ರಿಲ್ 12ರ ಪಾಸ್ಕ ಹಬ್ಬದಂದು ನಾನು ಬರಿಯ ಆಸನಗಳನ್ನು ನೋಡುತ್ತಾ ಬಲಿಪೂಜೆ ಅರ್ಪಿಸಿದೆ. ಅಂತ್ಯಕ್ರಿಯೆಗೆ 20 ಜನರಿಗಿಂತ ಹೆಚ್ಚು ಸೇರುವಂತಿರಲಿಲ್ಲ. ಮಕ್ಕಳು ದೂರದ ಊರುಗಳಲ್ಲಿ ಸಿಕ್ಕಿಕೊಂಡು ತಂದೆಯ ಮುಖವನ್ನು ಕಾಣದೆ ಅತ್ತರು. ಅವರಿಗೆ ನಾನು ಹೇಳಿದುದು ಆ ವೃದ್ಧೆಯ ಮಾತನ್ನೇ. ಸಂಜೆಯ ತೇರ್ಸ್ ನಿಂತುಹೋಗಿದ್ದ ಕೆಲವು ಮನೆಗಳಲ್ಲಿ ಆಗ ಅದು ಪುನಃ ಆರಂಭವಾಯಿತು.

ಪ್ರಿಯರೇ, ಶತಮಾನೋತ್ಸವದ ದೀಪಗಳು ಆರಿದ ಮೇಲೂ ಆ ಸಂಜೆಯ ದೀಪ ನಿಮ್ಮ ಮನೆಗಳಲ್ಲಿ ಉರಿಯುತ್ತಿರಲಿ. ಇಂದು ನಮ್ಮ ಮಕ್ಕಳು ಕೆಲಸ ಅರಸಿ ಕೊಲ್ಲಿ ದೇಶಗಳಿಗೂ ಯುರೋಪಿಗೂ ಹೋಗುತ್ತಿದ್ದಾರೆ. ಅಗಲಿಕೆಯ ನೋವು ರೂಪ ಬದಲಿಸಿದೆ, ಹೋಗಿಲ್ಲ. ಮುಚ್ಚಿದ ಬಾಗಿಲೊಳಗೆ ಬರಬಲ್ಲ ಪ್ರಭು ನಮ್ಮ ಹಿರಿಯರ ಕೈಬಿಡಲಿಲ್ಲ, ನಮ್ಮನ್ನೂ ಬಿಡಲಾರರು. ದೇವಮಾತೆಯ ಹಾಗೂ ಸಂತ ಫ್ರಾನ್ಸಿಸ್ ಜೇವಿಯರರ ಪ್ರಾರ್ಥನೆಯಿಂದ ಈ ಧರ್ಮಕೇಂದ್ರದ ಜೀವಂತರಿಗೂ ಅಗಲಿದವರಿಗೂ ಶಾಂತಿ ದೊರೆಯಲೆಂದು ಪ್ರಾರ್ಥಿಸುತ್ತೇನೆ.