ಬಹುಮಾನ ಯಾವುದಕ್ಕೆ? ಹೊಸ ರುಚಿಗೆ ಮಗು ಒಗ್ಗುವ ಬಗೆ

ಎರಡು ವರ್ಷದ ಸುಮಾರಿಗೆ ಮಕ್ಕಳು ತಟ್ಟೆಯಲ್ಲಿನ ಹೊಸ ಪದಾರ್ಥವನ್ನು ಆಚೆ ತಳ್ಳತೊಡಗುತ್ತಾರೆ. ಆಹಾರ ಮನೋವಿಜ್ಞಾನ ಇದನ್ನು ‘ನಿಯೋಫೋಬಿಯಾ’ ಎನ್ನುತ್ತದೆ. ಓಡಾಡುತ್ತ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನಲ್ಲಿ ವಿಷದಿಂದ ಕಾಯುವ ಎಚ್ಚರವಿದು ಎಂಬ ವಿವರಣೆಯೂ ಉಂಟು. ಲೂಸಿ ಕುಕ್ ಮತ್ತು ಸಂಗಡಿಗರು ಬ್ರಿಟನ್ನಿನ 8ರಿಂದ 11 ವರ್ಷದ ಅವಳಿಗಳನ್ನು ಅಭ್ಯಸಿಸಿ, ಈ ಹಿಂಜರಿಕೆಯಲ್ಲಿ ಮಕ್ಕಳ ನಡುವೆ ಕಾಣುವ ವ್ಯತ್ಯಾಸದ ಶೇ. 78ರಷ್ಟು ಅನುವಂಶೀಯವೆಂದು 2007ರಲ್ಲಿ ಅಂದಾಜಿಸಿದರು. ತಾಯಿಯ ಮುದ್ದೇ ಇದಕ್ಕೆಲ್ಲ ಕಾರಣ ಎನ್ನುವ ನೆಂಟರಿಷ್ಟರಿಗೆ ಇಷ್ಟು ಉತ್ತರ ಸಾಕು. ಹಾಗೆಂದು ಅನುವಂಶೀಯವಾದದ್ದು ಬದಲಾಗದು ಎಂದೇನೂ ಅಲ್ಲ.

ಅಮೆರಿಕದ ಲಿಯಾನ್ ಬರ್ಚ್ 1982ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ವರ್ಷದ ಮಕ್ಕಳಿಗೆ ಅಪರಿಚಿತ ಚೀಸ್ ಮತ್ತು ಹಣ್ಣುಗಳನ್ನು 2, 5, 10, 15, 20 ಸಲ ಎಂಬಂತೆ ಬೇರೆ ಬೇರೆ ಪ್ರಮಾಣದಲ್ಲಿ ಕೊಡಲಾಯಿತು. ಹೆಚ್ಚು ಸಲ ಕೊಟ್ಟದ್ದೇ ಹೆಚ್ಚು ಇಷ್ಟವಾಯಿತು. ಬರೀ ನೋಡಿದರೆ ಸಾಲದು, ನಾಲಿಗೆಗೇ ತಾಕಬೇಕು ಎಂದು ಅವರ 1987ರ ಅಧ್ಯಯನ ತೋರಿಸಿತು. ಆದರೆ 2004ರ ಒಂದು ಅಮೆರಿಕನ್ ಸಮೀಕ್ಷೆಯಲ್ಲಿ, ಮೂರರಿಂದ ಐದು ಸಲ ಕೊಟ್ಟು ನೋಡುವಷ್ಟರಲ್ಲೇ ಬಹುಪಾಲು ಪೋಷಕರು ‘ಇದು ಮಗುವಿಗೆ ಸೇರದು’ ಎಂದು ತೀರ್ಮಾನಿಸಿಬಿಟ್ಟಿದ್ದರು. ತರಕಾರಿಯನ್ನು ನುಣ್ಣಗೆ ಅರೆದು ಹಿಟ್ಟಿನಲ್ಲಿ ಅಡಗಿಸುವ ಉಪಾಯವೂ ನನ್ನ ದೃಷ್ಟಿಯಲ್ಲಿ ಅರೆಬರೆಯದೇ: ಹೊಟ್ಟೆ ಸೇರುತ್ತದೆ, ಪರಿಚಯವಾಗುವುದಿಲ್ಲ.

ಬಹುಮಾನದ ಪ್ರಶ್ನೆ ಇಷ್ಟು ಸರಳವಲ್ಲ. ಕೆಫಿರ್ ಎಂಬ ಹುದುಗಿಸಿದ ಹಾಲಿನ ಪಾನೀಯ ಕುಡಿದರೆ ಬಹುಮಾನ ಅಥವಾ ಹೊಗಳಿಕೆ ಎಂದು ಬರ್ಚ್ ತಂಡ 1984ರಲ್ಲಿ ಮಕ್ಕಳ ಮುಂದಿಟ್ಟಾಗ, ಆ ಪಾನೀಯದ ಮೇಲಿನ ಒಲವು ಇಳಿಯಿತು. ಲಂಚ ಕೊಟ್ಟು ಉಣಿಸಬೇಡಿ ಎಂಬ ಉಪದೇಶಕ್ಕೆ ಇಂಥ ಪ್ರಯೋಗಗಳೇ ಆಧಾರ. ಆದರೆ ಕುಕ್ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4ರಿಂದ 6 ವರ್ಷದ ಮಕ್ಕಳು ತಮಗೆ ಸೇರದ ತರಕಾರಿಯ ಒಂದು ಚೂರನ್ನು 12 ದಿನ ರುಚಿ ನೋಡಿದರು. ಕೆಲವರಿಗೆ ಸ್ಟಿಕ್ಕರ್, ಕೆಲವರಿಗೆ ಶಹಬ್ಬಾಸ್, ಇನ್ನು ಕೆಲವರಿಗೆ ಏನೂ ಇಲ್ಲ. ಇಷ್ಟ ಕುಗ್ಗಲಿಲ್ಲ, ಬೆಳೆಯಿತು. ಸ್ಟಿಕ್ಕರ್ ಪಡೆದವರಲ್ಲಿ ಮೂರು ತಿಂಗಳ ಬಳಿಕವೂ ಉಳಿದಿತ್ತು. ಎರಡೂ ಫಲಿತಾಂಶ ಹೇಗೆ ನಿಜವಾದಾವು? ಅಷ್ಟಿಷ್ಟು ಹಿಡಿಸಿದ್ದಕ್ಕೆ ಕೂಲಿ ಕೊಟ್ಟರೆ ಅದು ಕೆಲಸವಾಗಿ ತೋರುತ್ತದೆ. ಮುಟ್ಟಲೂ ಒಪ್ಪದ್ದಕ್ಕೆ ಸಣ್ಣ ಕಾಣಿಕೆ ಮೊದಲ ಚೂರಿನ ಅಂಜಿಕೆಯನ್ನು ದಾಟಿಸುತ್ತದೆ. ಈ ವಾದ ನನಗೆ ಒಪ್ಪಿಗೆ. ಎಣಿಸಬೇಕಾದ್ದು ರುಚಿ ನೋಡಿದ ಸಲಗಳನ್ನು, ತಿಂದ ಅಳತೆಯನ್ನಲ್ಲ. ‘ಸೂಪ್ ಮುಗಿಸು’ ಎಂದು ಪದೇ ಪದೇ ಒತ್ತಾಯಿಸಿದಾಗ ಮಕ್ಕಳು ಕುಡಿದದ್ದು ಕಡಿಮೆ, ಗೊಣಗಿದ್ದು ಹೆಚ್ಚು ಎಂಬುದು ಆಮಿ ಗ್ಯಾಲೋವೇ ತಂಡದ 2006ರ ಅನುಭವ.

ನಮ್ಮ ಮನೆಗಳಲ್ಲಿ ಚಂದಮಾಮನ ಜಾಗಕ್ಕೆ ಈಗ ಮೊಬೈಲ್ ಬಂದಿದೆ. ಮಗು ಬಾಯಿ ತೆರೆಯುತ್ತದೆ, ತುತ್ತು ಇಳಿಯುತ್ತದೆ, ತಿಂದದ್ದು ಬೀನ್ಸೋ ಹೀರೆಕಾಯಿಯೋ ಅದಕ್ಕೇ ಗೊತ್ತಿರುವುದಿಲ್ಲ. ಇದೇ ಮನೆಗಳಲ್ಲಿ ಖಾರ ಕಲಿಸುವ ಬಗೆ ಬೇರೆ. ಮೊದಲು ಸಪ್ಪೆ ಬೇಳೆಕಟ್ಟು, ಆಮೇಲೆ ತುಪ್ಪ ಬೆರೆಸಿದ ಅನ್ನಕ್ಕೆ ನಾಲ್ಕು ಹನಿ ಸಾರು, ಮುಂದೊಂದು ದಿನ ದೊಡ್ಡವರ ಎಲೆಯಿಂದ ತಾನೇ ಕೇಳಿ ಪಡೆಯುವ ಚೂರು ಉಪ್ಪಿನಕಾಯಿ. ಮೆಕ್ಸಿಕೋದ ಗುಡ್ಡಗಾಡಿನ ಹಳ್ಳಿಯೊಂದರಲ್ಲಿ ಪಾಲ್ ರೋಜಿನ್ ಮತ್ತು ಡೆಬೊರಾ ಶಿಲ್ಲರ್ 1980ರಲ್ಲಿ ದಾಖಲಿಸಿದ್ದೂ ಹೆಚ್ಚುಕಡಿಮೆ ಇದನ್ನೇ: ಮನೆಮಂದಿ ಸವಿಯುವುದನ್ನು ನೋಡುತ್ತ, ಸ್ವಲ್ಪ ಸ್ವಲ್ಪವಾಗಿ, ಬಲವಂತವಿಲ್ಲದೆ ಮಕ್ಕಳು ಮೆಣಸಿನಕಾಯಿಗೆ ಒಗ್ಗುತ್ತಿದ್ದರು. ಹಾಗಲಕಾಯಿಗೆ ಈ ಸಾವಧಾನ ನಮ್ಮಲ್ಲಿ ಸಿಗುವುದಿಲ್ಲ. ಅದು ಬಟ್ಟಲು ತುಂಬ ಪಲ್ಯವಾಗಿಯೇ ಮಗುವಿನ ಎದುರು ಬರುತ್ತದೆ.