ಹೆಳವರ ಪುಸ್ತಕದಲ್ಲಿ ಖಾಲಿ ಜಾಗ

1620ರಲ್ಲಿ ಮೇಫ್ಲವರ್ ಹಡಗು ಹತ್ತಿದ 102 ಜನರ ವಂಶವನ್ನ ಅಮೆರಿಕದವರು ಇವತ್ತಿಗೂ ಹುಡುಕ್ತಾರೆ. ಅವರಿಗೆ ಚರ್ಚಿನ ದಾಖಲೆ, ಉಯಿಲು, ಜಮೀನು ಪತ್ರ ಇವೆ. ನಮಗೇನಿದೆ?

ಉತ್ತರ ಕರ್ನಾಟಕದವರಿಗೆ ಹೆಳವರಿದ್ದಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಊರಿಗೆ ಬರ್ತಿದ್ರು. ಮನೆತನದ ಮೂಲ, ಬೆಡಗು, ತಲೆಮಾರುಗಳ ಹೆಸರು ಪಟಪಟ ಹೇಳ್ತಿದ್ರು. ಹಿಂದೆ ತಾಳೆಗರಿ, ತಾಮ್ರಪಟ. ಆಮೇಲೆ ದಪ್ಪ ಪುಸ್ತಕ. ಹೊಸದಾಗಿ ಹುಟ್ಟಿದವರ ಹೆಸರು ಬರ್ಕೊಂಡು, ಕಾಳು, ಬಟ್ಟೆ, ದುಡ್ಡು ಇಸ್ಕೊಂಡು ಮುಂದಿನ ಊರಿಗೆ. ಅಂದ್ರೆ ಯಾರಾದ್ರೂ ಮನೆಬಾಗಿಲಿಗೆ ಬಂದು ಕೇಳಿದ್ರೆ ಮಾತ್ರ ಈ ದಾಖಲೆ ಬೆಳೆಯುತ್ತೆ. (ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಎತ್ತನ್ನ ಒಳಗೆ ಬಿಡ್ತಾನಾ?)

ನಮ್ಮಜ್ಜ ಬಿಜಾಪುರ ಕಡೆಯ ಹಳ್ಳಿಯಿಂದ ಮುಂಬೈಗೆ ಹೋಗಿ ಆಂಟಾಪ್ ಹಿಲ್‌ನಲ್ಲಿ ನೆಲೆ ನಿಂತವರು. ನಾನು ಬೆಳೆದದ್ದೂ ಅಲ್ಲೇ. ಹೋದ ವರ್ಷ ಊರಿನ ಜಾತ್ರೆಗೆ ಹೋದಾಗ ನಮ್ಮ ಮನೆತನದ ಹೆಳವರು ಸಿಕ್ಕರು. ಏಳು ತಲೆಮಾರು ಓದಿದ್ರು. ಅಜ್ಜನ ಹೆಸರಿನ ಮುಂದೆ ‘ಮುಂಬೈ’ ಅಂತ ಒಂದೇ ಮಾತು. ಕೆಳಗೆ ಖಾಲಿ.

“ಮುಂದಿಂದು ಯಾರೂ ಹೇಳಿಲ್ರೀ” ಅಂದ್ರು.

ಅಪ್ಪನ ಹೆಸರು, ನನ್ನ ಹೆಸರು ಬರೆಸಿದೆ. ಮಗಳ ಹೆಸರು ಹೇಳಿದಾಗ ಪೆನ್ನು ನಿಂತಿತು. ನಮ್ಮ ಪುಟದಲ್ಲಿ ಅಲ್ಲಿಯವರೆಗೆ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ನಾನು ಬಿಡಲಿಲ್ಲ, ಅವರು ನಕ್ಕು ಬರೆದ್ರು. ಹಾಗೇ ಅಜ್ಜಿದೂ ಬರೀರಿ ಅಂದೆ.

“ಹೆಸರೇನ್ರೀ?”

ನಾನು ಅವರನ್ನ ಬರೀ ‘ಅಜ್ಜಿ’ ಅಂತಲೇ ಕರೆದವನು. ಆಂಟಾಪ್ ಹಿಲ್‌ನಲ್ಲಿರೋ ಅಪ್ಪನಿಗೆ ಫೋನ್ ಹಚ್ಚಿದೆ. ಹೆಳವರು ಪೆನ್ನಿನ ಟೋಪಿ ಹಾಕದೆ ಕಾಯ್ತಾ ಕೂತಿದ್ರು.