ಹೈಸ್ಕೂಲು ಮುಗಿಸಿ ನೇರ ಆರು ವರ್ಷ

ಬಾಸ್ಟನ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಮಕ್ಕಳು ಹೈಸ್ಕೂಲಿನ ಕೊನೇ ವರ್ಷಕ್ಕೆ ಬಂದ ಕೂಡಲೇ ನನಗೆ ಫೋನು ಬರಲು ಶುರುವಾಗುತ್ತದೆ. ನಾನು ಇಲ್ಲಿ ಫಿಸಿಯೋಥೆರಪಿಸ್ಟ್ (ಇಲ್ಲಿಯವರ ಬಾಯಲ್ಲಿ ಫಿಸಿಕಲ್ ಥೆರಪಿಸ್ಟ್, ಚಿಕ್ಕದಾಗಿ ಪಿ.ಟಿ.). ಪ್ರಶ್ನೆ ಸಾಮಾನ್ಯವಾಗಿ ಒಂದೇ. "ನೀವು ಊರಲ್ಲಿ ಪಿಯುಸಿ ಮುಗಿಸಿ ನಾಲ್ಕೂವರೆ ವರ್ಷದಲ್ಲಿ ಬಿಪಿಟಿ ಮಾಡ್ಕೊಂಡು ಬಂದ್ರಿ. ಇಲ್ಲಿ ಅದಕ್ಕೇ ಆರು ವರ್ಷ ಯಾಕೆ? ಅದೂ ಡಾಕ್ಟರೇಟ್ ಯಾಕೆ?" ಫೋನಿನಲ್ಲಿ ಉತ್ತರ ಹೇಳೋದು ಕಷ್ಟ, ಯಾಕಂದ್ರೆ ಉತ್ತರ 1918ರಿಂದ ಶುರುವಾಗುತ್ತೆ :-) ಅದಕ್ಕೇ ಇಲ್ಲಿ ಬರೆದು ಹಾಕ್ತಿದೀನಿ.

ಮೊದಲು ಈ 'ಡೈರೆಕ್ಟ್ ಎಂಟ್ರಿ' ಅಂದ್ರೆ ಏನು ಅಂತ ಹೇಳಿಬಿಡ್ತೀನಿ. ಅಮೆರಿಕದಲ್ಲಿ ಪಿ.ಟಿ. ಆಗಬೇಕಾದರೆ ಈಗ ಡಿಪಿಟಿ, ಅಂದ್ರೆ ಡಾಕ್ಟರ್ ಆಫ್ ಫಿಸಿಕಲ್ ಥೆರಪಿ ಪದವಿಯೇ ಬೇಕು. ಸಾಮಾನ್ಯ ದಾರಿ ಏಳು ವರ್ಷದ್ದು: ನಾಲ್ಕು ವರ್ಷ ಯಾವುದಾದರೂ ಡಿಗ್ರಿ, ಆಮೇಲೆ ಮತ್ತೆ ಅರ್ಜಿ ಹಾಕಿ, ಸೀಟು ಸಿಕ್ಕರೆ ಮೂರು ವರ್ಷ. ಡೈರೆಕ್ಟ್ ಎಂಟ್ರಿಯಲ್ಲಿ ಹದಿನೆಂಟಕ್ಕೇ ಸೀಟು ಕೊಟ್ಟುಬಿಡುತ್ತಾರೆ. ಎರಡೂ ಸೇರಿ ಸುಮಾರು ಆರು ವರ್ಷ. ನಡುವೆ ಒಂದು ಬ್ಯಾಚುಲರ್ ಡಿಗ್ರಿ ಕೈಗೆ ಬರುತ್ತದೆ, ಕೊನೆಗೆ ಡಿಪಿಟಿ. ನಮ್ಮವರಿಗೆ ಇದು ಸಿಇಟಿ ಸೀಟು ಸಿಕ್ಕಷ್ಟು ನಿಶ್ಚಿಂತೆ ಅನ್ನಿಸುತ್ತದೆ. ಆದರೆ ಕೆಮಿಸ್ಟ್ರಿ, ಫಿಸಿಕ್ಸ್, ಅನಾಟಮಿಯಲ್ಲಿ ಕಾಲೇಜು ಹೇಳಿದಷ್ಟು ಗ್ರೇಡು ಬರದಿದ್ದರೆ ಆ ಸೀಟು ನಡುದಾರಿಯಲ್ಲೇ ಜಾರಿಹೋಗಬಹುದು. ಎರಡನೇ ವರ್ಷದ ಹುಡುಗ ಹುಡುಗಿಯರ ಮುಖದಲ್ಲಿ ಈ ಭಯ ನೋಡಿದ್ದೇನೆ.

ಈಗ 1918. ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಗಾಯಗೊಂಡ ಸೈನಿಕರನ್ನು ಮತ್ತೆ ನಡೆಸುವವರು ಬೇಕಾದರು. ಹಾಗೆ ಹುಟ್ಟಿದ್ದು 'ರೀಕನ್‌ಸ್ಟ್ರಕ್ಷನ್ ಏಡ್' ಎಂಬ ಹುದ್ದೆ. ಏಡ್ ಅಂದ್ರೆ ಸಹಾಯಕಿ, ಎಲ್ಲರೂ ಹೆಂಗಸರೇ. ಇವರಿಗೆ ಕಲಿಸಲು ಸಿಕ್ಕವರು ಮೇರಿ ಮೆಕ್‌ಮಿಲನ್. 1880ರಲ್ಲಿ ಬಾಸ್ಟನ್ ಪಕ್ಕದ ಹೈಡ್ ಪಾರ್ಕಿನಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಬೆಳೆದು, ಅಲ್ಲೇ ಈ ಕೆಲಸ ಕಲಿತು ಬಂದಾಕೆ. ಮೇನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಮಕ್ಕಳ ಆಸ್ಪತ್ರೆಯಲ್ಲಿದ್ದವರು, ಸೈನ್ಯ ಸೇರಿದ ಮೇಲೆ ದೇಶದ ಇನ್ನೊಂದು ತುದಿಯ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿಗೆ ಹೋದರು (ಒಂದೇ ಹೆಸರಿನ ಎರಡು ಊರು, ನನಗೂ ಮೊದಲು ಗೊಂದಲ ಆಗಿತ್ತು). ಅಲ್ಲಿಯ ರೀಡ್ ಕಾಲೇಜಿನಲ್ಲಿ ಅನಾಟಮಿ, ಮಸಾಜು, ವ್ಯಾಯಾಮ ಎಲ್ಲ ಸೇರಿ ಕೆಲವೇ ತಿಂಗಳ ಕೋರ್ಸು. ಬಂದವರಲ್ಲಿ ಬಹಳಷ್ಟು ಜನ ಆಗಲೇ ದೈಹಿಕ ಶಿಕ್ಷಣ ಕಲಿತವರು. ಕಲಿತವರನ್ನು ಸೀದಾ ಸೈನ್ಯದ ಆಸ್ಪತ್ರೆಗೆ ಕಳಿಸುತ್ತಿದ್ದರು.

ಈ ಹೆಂಗಸರಿಗೆ ಸೈನ್ಯದಲ್ಲಿ ದರ್ಜೆ ಇರಲಿಲ್ಲ. ಯೂನಿಫಾರಂ ಇತ್ತು, ಕೆಲಸ ಇತ್ತು, ಲೆಕ್ಕದಲ್ಲಿ ಮಾತ್ರ ಸಿವಿಲಿಯನ್ ನೌಕರರು. 1921ರ ಜನವರಿಯಲ್ಲಿ ನ್ಯೂಯಾರ್ಕಿನ ಕೀನ್ಸ್ ಚಾಪ್‌ಹೌಸ್ ಎಂಬ ಊಟದ ಹೋಟೆಲಿನಲ್ಲಿ ಸೇರಿ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಮೊದಲ ಅಧ್ಯಕ್ಷೆ ಮೇರಿ ಮೆಕ್‌ಮಿಲನ್. ಇವತ್ತಿನ ಅಮೆರಿಕನ್ ಫಿಸಿಕಲ್ ಥೆರಪಿ ಅಸೋಸಿಯೇಷನ್ನಿನ ಮೂಲ ಅದೇ. ಮಿಲಿಟರಿ ದರ್ಜೆ ಸಿಕ್ಕಿದ್ದು ಎರಡನೇ ಮಹಾಯುದ್ಧದ ಹೊತ್ತಿಗೆ, ಆಗ ಕೆಲಸದಲ್ಲಿದ್ದವರಿಗೆ. 1918ರ ಆ ಸಹಾಯಕಿಯರನ್ನು ಮಾಜಿ ಯೋಧರು ಅಂತ ಸರ್ಕಾರ ಒಪ್ಪಿಕೊಂಡಿದ್ದು 1981ರಲ್ಲಿ! ಮೇರಿ ಮೆಕ್‌ಮಿಲನ್ 1959ರಲ್ಲೇ ತೀರಿಕೊಂಡಿದ್ದರು.

ನನ್ನ ಪ್ರಕಾರ ಕೋರ್ಸು ಉದ್ದವಾಗುತ್ತಾ ಹೋಗಿದ್ದರ ಬೇರು ಇಲ್ಲೇ ಇದೆ. 'ಸಹಾಯಕಿ' ಅನ್ನುವ ಪದದಿಂದ ಬಿಡಿಸಿಕೊಳ್ಳಬೇಕಿತ್ತು. 1927ರಲ್ಲಿ ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ ನಾಲ್ಕು ವರ್ಷದ ಪದವಿ ಬಂತು. 1960ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಮಾಸ್ಟರ್ಸ್. 1979ರಲ್ಲಿ ಸಂಘವೇ ಒಂದು ಠರಾವು ಮಾಡಿ, 1990ರೊಳಗೆ ಎಲ್ಲ ಕಾಲೇಜುಗಳೂ ಬ್ಯಾಚುಲರ್ ಡಿಗ್ರಿಗಿಂತ ಮೇಲಕ್ಕೆ ಹೋಗಬೇಕು ಅಂದಿತು, ಅದು ಆಗಲಿಲ್ಲ. 1993ರಲ್ಲಿ ನೆಬ್ರಾಸ್ಕಾದ ಕ್ರೈಟನ್ ಯೂನಿವರ್ಸಿಟಿ ಡಿಪಿಟಿ ಶುರು ಮಾಡಿತು. ಒಬ್ಬರು ಮಾಡಿದ ಮೇಲೆ ಪಕ್ಕದವರು ಬಿಟ್ಟಾರೆಯೇ? 2002ರಿಂದ ಬರೀ ಬ್ಯಾಚುಲರ್ ಕೊಡುವ ಕೋರ್ಸುಗಳಿಗೆ ಮಾನ್ಯತೆ ನಿಂತಿತು. 2016ರಿಂದ ಡಿಪಿಟಿ ಬಿಟ್ಟು ಬೇರೆ ಇಲ್ಲ.

ಬಾಸ್ಟನ್ನಿನಲ್ಲಿ ಈ ಚರಿತ್ರೆ ಕಣ್ಣೆದುರೇ ಇದೆ. ಇಲ್ಲಿಯ ನಾರ್ತ್‌ಈಸ್ಟರ್ನ್ ಯೂನಿವರ್ಸಿಟಿಯ ಆರೋಗ್ಯ ವಿಜ್ಞಾನ ಕಾಲೇಜಿಗೆ ಬೂವೆ ಅಂತ ಹೆಸರು. 1913ರಲ್ಲಿ ಹೆಣ್ಣುಮಕ್ಕಳಿಗೆ ದೈಹಿಕ ಶಿಕ್ಷಣ ಕಲಿಸಲು ಇಲ್ಲಿ ಒಂದು ಶಾಲೆ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಒಬ್ಬರು ಮಾರ್ಜೊರಿ ಬೂವೆ. ಅವರ ಶಾಲೆ 1964ರಲ್ಲಿ ನಾರ್ತ್‌ಈಸ್ಟರ್ನ್ ಜೊತೆ ಸೇರಿತು. ಆ ಯೂನಿವರ್ಸಿಟಿಯಲ್ಲಿ 1909ರಿಂದಲೂ 'ಕೋ-ಆಪ್' ಅನ್ನುವ ಪದ್ಧತಿ ಇದೆ, ಕೆಲವು ತಿಂಗಳು ಪಾಠ ನಿಲ್ಲಿಸಿ ಹೊರಗೆ ಸಂಬಳಕ್ಕೆ ಕೆಲಸ. ಪಿ.ಟಿ. ಓದುವ ಮಕ್ಕಳು ಆಗ ಆಸ್ಪತ್ರೆ, ಕ್ಲಿನಿಕ್ಕುಗಳಲ್ಲಿ ರೋಗಿಯನ್ನು ಕರೆತರೋದು, ಹಾಸಿಗೆ ಒರೆಸೋದು, ಐಸ್ ಪ್ಯಾಕ್ ಕೊಡೋದು ಮಾಡುತ್ತಾರೆ. ಆ ಕೆಲಸದ ಹೆಸರು ಏನು ಗೊತ್ತಾ? ಏಡ್. ಡಾಕ್ಟರ್ ಆಗಲು ಹೊರಟವರು ಇವತ್ತಿಗೂ ಆ ಪದ ಹಾದುಕೊಂಡೇ ಹೋಗಬೇಕು.

ಕಲಿಯುವ ರೀತಿ ಅಷ್ಟೊಂದು ಬದಲಾಗಿಲ್ಲ. ಮೂಳೆ, ಮಾಂಸಖಂಡ ಕಲಿಯೋದು ದೇಹದಾನ ಮಾಡಿದವರ ಶರೀರದ ಮೇಲೆ, ಮಿಕ್ಕಿದ್ದೆಲ್ಲ ಸಹಪಾಠಿಯ ಮೈಮೇಲೆ. ಲ್ಯಾಬಿಗೆ ಚಡ್ಡಿ ಹಾಕಿಕೊಂಡು ಬರಬೇಕು, ನಾಚಿಕೆ ಒಂದು ವಾರದಲ್ಲಿ ಹೋಗುತ್ತದೆ. ಗೆಳೆಯನ ಹೆಗಲ ಮೂಳೆಯ ಕೆಳತುದಿ ಹುಡುಕಿ, ಪೆನ್ನಿನಲ್ಲಿ ಗುರುತು ಹಾಕಿ, ಅದರ ನೇರಕ್ಕೆ ಬೆನ್ನಿನ ಮಣಿ ಎಣಿಸೋದು. ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ ಅಂತ ಪ್ಲಾಸ್ಟಿಕ್ಕಿನ ಗೋನಿಯೋಮೀಟರ್ ಹಿಡಿದು ಅಳೆಯೋದು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎಲ್ಲ ಸರಿ ಹೇಳಿ, ಗಾಲಿಕುರ್ಚಿಯ ಬ್ರೇಕ್ ಹಾಕದೆ 'ರೋಗಿ'ಯನ್ನು ಎಬ್ಬಿಸಲು ಹೋದರೆ ಅಲ್ಲಿಗೇ ಮುಗೀತು, ಫೇಲ್. ಮಾಂಸಖಂಡದ ಬಲವನ್ನು ಕೈಯಿಂದ ಒತ್ತಿ ನೋಡಿ ಸೊನ್ನೆಯಿಂದ ಐದರವರೆಗೆ ಅಂಕ ಕೊಡುವ ಪರೀಕ್ಷೆಯನ್ನು ನಾನು ಊರಿನಲ್ಲಿ ಕಲಿತೆ. ಅದರ ಮೂಲ ರೂಪ ಹುಟ್ಟಿದ್ದು ಇದೇ ಬಾಸ್ಟನ್ನಿನಲ್ಲಿ, ಪೋಲಿಯೋ ಮಕ್ಕಳಿಗಾಗಿ. ಡಾ. ರಾಬರ್ಟ್ ಲವೆಟ್ ಜೊತೆ ಕೆಲಸ ಮಾಡುತ್ತಿದ್ದ ವಿಲ್ಹೆಲ್ಮಿನ್ ರೈಟ್ ಅದರ ಬಗ್ಗೆ 1912ರಲ್ಲಿ ಬರೆದರು. ನನ್ನ ಹತ್ತಿರ ಟ್ರೇನಿಂಗಿಗೆ ಬರುವ ಆರನೇ ವರ್ಷದ ಮಕ್ಕಳು ಇವತ್ತಿಗೂ ಹಾಗೇ ಕೈ ಒತ್ತಿ ನೋಡುತ್ತಾರೆ. ಪುಸ್ತಕದ ಜ್ಞಾನ ನಮಗಿಂತ ಎಷ್ಟೋ ಹೆಚ್ಚು, ಒಪ್ಪಿಕೊಳ್ಳಬೇಕು. ಸಂಶೋಧನಾ ಪ್ರಬಂಧ ಓದಿ ಇದು ಸರಿ, ಇದು ತಪ್ಪು ಅಂತ ವಾದ ಮಾಡುತ್ತಾರೆ. ನಮಗೆ ಅದನ್ನು ಯಾರೂ ಕಲಿಸಿರಲಿಲ್ಲ. ಕೈ ಪಳಗೋದಕ್ಕೆ ಮಾತ್ರ ಅವರಿಗೂ ನಮ್ಮಷ್ಟೇ ದಿನ ಬೇಕು.

ಇನ್ನು ದುಡ್ಡಿನ ವಿಷಯ. ಕೋರ್ಸು ಉದ್ದವಾದ ಹಾಗೆ ಫೀಸೂ ಬೆಳೆಯಿತು, ಸಂಬಳ ಅದೇ ವೇಗದಲ್ಲಿ ಬೆಳೆಯಲಿಲ್ಲ. 2025ರ ಜುಲೈಯಲ್ಲಿ ಬಂದ ಕಾನೂನು, 2026ರ ಜುಲೈಯಿಂದ ವಿದ್ಯಾರ್ಥಿ ಸಾಲಕ್ಕೆ ಮಿತಿ ಹಾಕಿತು. 'ಪ್ರೊಫೆಷನಲ್' ಪದವಿಗೆ ಒಟ್ಟು 2 ಲಕ್ಷ ಡಾಲರ್, ಉಳಿದ ಮೇಲಿನ ಪದವಿಗಳಿಗೆ 1 ಲಕ್ಷ. ಯಾವುದು ಪ್ರೊಫೆಷನಲ್ ಅಂತ 2025ರ ನವೆಂಬರಿನಲ್ಲಿ ಶಿಕ್ಷಣ ಇಲಾಖೆಯ ಸಮಿತಿ ಒಪ್ಪಿದ ಕರಡು ಪಟ್ಟಿಯಲ್ಲಿ ವೈದ್ಯರು, ದಂತವೈದ್ಯರು, ವಕೀಲರು, ಕೈರೋಪ್ರಾಕ್ಟರುಗಳು, ಪಾದ್ರಿಗಳ ಧರ್ಮಶಾಸ್ತ್ರ ಕೂಡ ಇತ್ತು. ಫಿಸಿಕಲ್ ಥೆರಪಿ ಇರಲಿಲ್ಲ. ಡಾಕ್ಟರ್ ಅಂತ ಹೆಸರಿಟ್ಟುಕೊಳ್ಳಲು ನೂರು ವರ್ಷ ಹತ್ತಿದವರಿಗೆ ಹೀಗೆ! ಹದಿನೆಂಟರಲ್ಲಿ ಸೇರಿದವರು ಸಾಲ ತೆಗೆಯುವ ದೊಡ್ಡ ಪಾಲು ಇರೋದು ಕೊನೆಯ ವರ್ಷಗಳಲ್ಲಿ. ಸೇರುವಾಗ ಇದ್ದ ನಿಯಮ ಓದಿ ಮುಗಿಸುವಾಗ ಇರುತ್ತದೆ ಅಂತ ಯಾವ ಕಾಲೇಜೂ ಬರೆದುಕೊಡೋದಿಲ್ಲ.

ನಮ್ಮ ಕಡೆಯಿಂದ ಬಿಪಿಟಿ ಮಾಡಿ ಬರುವವರಿಗೂ ಈ ಏಣಿ ತಾಗಿದೆ. ಇಲ್ಲಿ ಲೈಸೆನ್ಸ್ ಪರೀಕ್ಷೆಗೆ ಕೂರಬೇಕಾದರೆ ಮೊದಲು ನಮ್ಮ ಅಂಕಪಟ್ಟಿಯನ್ನು ಇಲ್ಲಿಯ ಕೋರ್ಸಿಗೆ ಹೋಲಿಸಿ ನೋಡುತ್ತಾರೆ. ಇಲ್ಲಿ ಕೋರ್ಸು ದೊಡ್ಡದಾದಷ್ಟೂ ನಮ್ಮ ಪಟ್ಟಿಯಲ್ಲಿ ಕೊರತೆ ಜಾಸ್ತಿ. ತಮಾಷೆ ಅಂದ್ರೆ ಕೊರತೆ ಬೀಳೋದು ಅನಾಟಮಿಯಲ್ಲಲ್ಲ, ಹೆಚ್ಚಾಗಿ ಇಂಗ್ಲಿಷು, ಸಮಾಜಶಾಸ್ತ್ರದಂಥ ಸಾಮಾನ್ಯ ವಿಷಯಗಳಲ್ಲಿ. ಮೂವತ್ತು ದಾಟಿದವರು ಕಮ್ಯುನಿಟಿ ಕಾಲೇಜಿಗೆ ಹೋಗಿ ಅದನ್ನು ತುಂಬಿಸಿಕೊಳ್ಳುತ್ತಾರೆ.

ಅಂದ ಹಾಗೆ ಭಾರತದಲ್ಲೂ ಇದೇ ನಾಟಕ ಶುರುವಾಗಿದೆ. 2025ರ ಹೊಸ ಪಠ್ಯಕ್ರಮ ಬಿಪಿಟಿಯನ್ನು ಐದು ವರ್ಷಕ್ಕೆ ಎಳೆಯಿತು, ಹೆಸರಿನ ಹಿಂದೆ 'ಡಾ.' ಹಾಕಿಕೊಳ್ಳಬಹುದು ಅಂತಲೂ ಹೇಳಿತು. ಅದೇ ಸೆಪ್ಟೆಂಬರಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, ಹಾಕಿಕೊಳ್ಳುವಂತಿಲ್ಲ ಅಂತ ಪತ್ರ ಬರೆಯಿತು. ಮಾರನೇ ದಿನವೇ ಪತ್ರ ವಾಪಸ್ಸು.